ಕುಂಬಾರರ ಬೀದಿಯೊಂದನ್ನು ಬಿಟ್ಟು

ಕಾವಲುಗಾರ ಎರಡನೇ ಸಲ ಸೀಟಿ ಊದುತ್ತಾನೆ. ಹೊಯ್ಸಳೇಶ್ವರನ ಅಂಗಳದಲ್ಲಿ ಪ್ರವಾಸಕ್ಕೆ ಬಂದ ಶಾಲಾ ಮಕ್ಕಳ ಸಾಲು ಗೇಟಿನ ಕಡೆ ತಿರುಗಿದೆ. ಮೇಷ್ಟ್ರು ತಲೆ ಎಣಿಸುತ್ತಿದ್ದಾರೆ. ನೀವು ಮಾತ್ರ ಗರುಡಗಂಬದ ಬುಡದಲ್ಲಿ ಕತ್ತೆತ್ತಿ ನಿಂತಿದ್ದೀರಿ. ಕಂಬದ ಮೇಲಿನ ಆಳುಗಳು ಚಿಕ್ಕವರು. ಹೊತ್ತು ಇಳಿದ ಮೇಲೆ ಕಣ್ಣು ಕಿರಿದು ಮಾಡಿ ನೋಡಬೇಕು. ಒಬ್ಬ ತನ್ನ ಕೊರಳಿಗೆ ತಾನೇ ಕತ್ತಿ ಹಿಡಿದಿದ್ದಾನೆ. ಇನ್ನೊಬ್ಬನದು ಆಗಲೇ ಮುಗಿದಿದೆ. 1220ರಲ್ಲಿ ಇಮ್ಮಡಿ ವೀರಬಲ್ಲಾಳ ತೀರಿಕೊಂಡಾಗ ಅವನ ದಂಡನಾಯಕ ಕುವರ ಲಕ್ಷ್ಮ ತಾನೂ ಬದುಕುವುದಿಲ್ಲವೆಂದು ಹೆಂಡತಿ ಸುಗ್ಗಲದೇವಿಯೊಡನೆ, ಗರುಡರೆನಿಸಿಕೊಂಡ ತನ್ನ ಪಡೆಯೊಡನೆ ಪ್ರಾಣ ಕೊಟ್ಟ. ಅದನ್ನೇ ಇಲ್ಲಿ ಕಡೆದು ನಿಲ್ಲಿಸಿದ್ದಾರೆ.

ರಾಜನಿಗಾಗಿ ಸತ್ತವರಿಗೆ ಈ ಊರಲ್ಲಿ ಹೀಗೊಂದು ಕಂಬವಿದೆ. ರಾಜನಿಂದ ಸತ್ತವರಿಗೂ ಎರಡು ಕಂಬ ನೆಟ್ಟಿದ್ದರಂತೆ. ಅವು ಕಲ್ಲಿನವಲ್ಲ.

ಮೂರನೇ ಸೀಟಿ. ಹೊರಗೆ ಬನ್ನಿ. ಎಳನೀರಿನವನು ಕತ್ತಿ ಒರೆಸಿಟ್ಟು ಗಾಡಿ ಮುಚ್ಚುತ್ತಿದ್ದಾನೆ. ಹುಡುಗರು ಉಳಿದ ಕಲ್ಲಿನ ಗಣಪತಿಗಳನ್ನು ಗೋಣಿಗೆ ತುಂಬುತ್ತಿದ್ದಾರೆ. ಕೆರೆಯ ಕಡೆಯಿಂದ ತಂಪು ಗಾಳಿ ಎದ್ದಿದೆ. ಈ ಕೆರೆಯೇ ದೋರಸಮುದ್ರ. ಊರಿಗೂ ಅದೇ ಹೆಸರಿತ್ತು. ಹಾಳಾದ ಮೇಲೆ ಹೆಸರೂ ಹೋಗಿ ಹಳೆಯ ಬೀಡು ಆಯಿತು. ಏರಿಯ ಮೇಲೆ ಒಂದಷ್ಟು ದೂರ ನಡೆದು ಕೂತುಕೊಳ್ಳಿ. ಇನ್ನು ಮುಂದಿನದು ಶಾಸನದ ಮಾತಲ್ಲ, ಬಾಯಿಮಾತು. ಬಿ.ಎಲ್. ರೈಸ್ ಅವರ ಕಿವಿಗೂ ಅದು ಬಿದ್ದು, ಅವರ ಮೈಸೂರು ಗೆಜೆಟಿಯರಿನಲ್ಲಿ ಕೆಲವು ಸಾಲುಗಳ ಜಾಗ ಹಿಡಿಯಿತು.

ನಮ್ಮ ಕಡೆ ದೆವ್ವಕ್ಕೆ ನಡುರಾತ್ರಿಯೇ ಆಗಬೇಕೆಂದಿಲ್ಲ. ಮಟಮಟ ಮಧ್ಯಾಹ್ನವೂ ಆಗುತ್ತದೆ. ಹಾಗಾಗಿ ಕಣ್ಣು ಮುಚ್ಚಿ, ಈ ತಂಪನ್ನು ಪಕ್ಕಕ್ಕಿಟ್ಟು, ಚೈತ್ರದ ಒಂದು ಮಧ್ಯಾಹ್ನ ಮಾಡಿಕೊಳ್ಳಿ.

ದೋರಸಮುದ್ರದ ವರ್ತಕರ ಬೀದಿಯಲ್ಲಿ ನಿಮ್ಮದೊಂದು ಮನೆ ಇದೆ. ದಪ್ಪ ಗೋಡೆ, ತಗ್ಗು ಬಾಗಿಲು, ಬಾಗಿಲಿಗೆ ಹಲಸಿನ ಮರದ ಅಗಳಿ. ನಡುಮನೆಯ ಮೂಲೆಯಲ್ಲಿ ಹರವಿ, ಅದರ ತುಂಬ ಬೆಳಿಗ್ಗೆಯಷ್ಟೇ ತಂದ ನೀರು. ಹರವಿಯ ಹೊಟ್ಟೆ ಬೆವರಿ ಸುತ್ತಲಿನ ನೆಲ ಒದ್ದೆಯಾಗಿದೆ. ನಿಮ್ಮ ಮಗಳು ಅಲ್ಲಿ ಹೊಟ್ಟೆ ಕೆಳಗೆ ಮಾಡಿ ಮಲಗಿದ್ದಾಳೆ, ತಣ್ಣಗಿರುತ್ತದೆಂದು. ನಿಮ್ಮ ಅವ್ವ ಗೋಡೆಗೆ ಒರಗಿ ಕೂತಿದ್ದಾಳೆ. ಬೀಸುಕಲ್ಲು ನಿಂತಿದೆ. ಬೀದಿಯಲ್ಲಿ ಎತ್ತಿನ ಗಂಟೆಯೂ ಇಲ್ಲ.

ಯಾಕೆ ಇಲ್ಲವೆಂದು ನಿಮಗೆ ಗೊತ್ತು. ಊರಿಗೆಲ್ಲ ಗೊತ್ತು. ಬಲ್ಲಾಳರಾಯನ ಒಡಹುಟ್ಟಿದವಳು, ಗಂಡನನ್ನು ಕಳೆದುಕೊಂಡವಳು, ಪ್ರಾಯಕ್ಕೆ ಬಂದ ಇಬ್ಬರು ಗಂಡುಮಕ್ಕಳನ್ನು ಕರೆದುಕೊಂಡು ತವರಿಗೆ ಬಂದಿದ್ದಳು. ಯಾವ ಬಲ್ಲಾಳ ಎಂದು ಕೇಳಬೇಡಿ, ಕಥೆಗೆ ಅದರ ಗೊಡವೆಯಿಲ್ಲ. ಹುಡುಗರು ನೋಡಲು ಚೆಲುವರು. ರಾಯನ ಮಡದಿಯೊಬ್ಬಳ ಕಣ್ಣು ಬಿತ್ತು. ನಮ್ಮ ಸಂಬಂಧಗಳ ಲೆಕ್ಕದಲ್ಲಿ ಅವಳು ಅವರಿಗೆ ಅತ್ತೆ, ತಾಯಿಯ ಸಮಾನ. ಅವರು ಒಲ್ಲೆವೆಂದರು. ಅವಳು ರಾಯನ ಬಳಿ ಹೋಗಿ ಹೇಳಿದ್ದು ತಿರುಗಿಸಿ. ಸೋದರಮಾವನೆಂದರೆ ನಮ್ಮಲ್ಲಿ ಏನು! ಜವಳದ ಕೂದಲು ಮಾವನ ಮಡಿಲಿಗೆ ಬೀಳಬೇಕು, ಮದುವೆಯ ಮಂಟಪದಲ್ಲಿ ಮಾವ ನಿಲ್ಲಬೇಕು. ಆ ಸೋದರಮಾವ ತನ್ನ ಅಳಿಯಂದಿರನ್ನು ಊರಬಾಗಿಲಲ್ಲಿ ಶೂಲಕ್ಕೇರಿಸಿದ.

ಅದು ನಿನ್ನೆಯ ಮಾತು. ಇವತ್ತು ತಾಯಿ ಬೀದಿಯಲ್ಲಿದ್ದಾಳೆ.

ಮೊದಲು ಸದ್ದು ಬರುವುದು ಬೀದಿಯ ಆ ತುದಿಯಿಂದ. ಅಂಗೈಯಲ್ಲಿ ಬಾಗಿಲು ತಟ್ಟುವ ಸದ್ದು. ತಟ್ಟುವ ಕೈಗೆ ಬಳೆಯಿಲ್ಲ. ಬಳೆಯ ಸದ್ದಿಲ್ಲದೆ ಹೆಣ್ಣೊಬ್ಬಳು ಬಾಗಿಲು ತಟ್ಟಿದ್ದನ್ನು ನೀವು ಈವರೆಗೆ ಕೇಳಿಲ್ಲ. ಆಮೇಲೆ ಮಾತು. ದೂರದಲ್ಲಿ ಅರ್ಥವಾಗುವುದಿಲ್ಲ. ಎರಡು ಮನೆ ಹತ್ತಿರ ಬಂದ ಮೇಲೆ ಆಗುತ್ತದೆ.

"ಅವ್ವಾ, ಒಂದು ಗುಟುಕು ನೀರು."

ಅಷ್ಟೇ. ಬಯ್ಯುವುದಿಲ್ಲ, ಅಳುವುದಿಲ್ಲ. ಅವಳು ಒಂದು ಬಾಗಿಲು ತಟ್ಟಿದರೆ ಮುಂದಿನ ಮನೆಯಲ್ಲಿ ಅಗಳಿ ಬೀಳುತ್ತದೆ. ಅದನ್ನು ತಟ್ಟುವಷ್ಟರಲ್ಲಿ ಅದರಾಚೆಯದರಲ್ಲಿ. ಮರಕ್ಕೆ ಮರ ಬಡಿಯುವ ಆ ಸದ್ದು ಅವಳಿಗಿಂತ ಒಂದು ಮನೆ ಮುಂದೆ ನಡೆದು ಬರುತ್ತಿದೆ. ಪಕ್ಕದ ಮನೆಯವರ ಅಗಳಿ ಬಿತ್ತು. ಈಗ ನಿಮ್ಮ ಕೈ ನಿಮ್ಮ ಅಗಳಿಯ ಮೇಲಿದೆ. ಯಾವಾಗ ಎದ್ದು ಬಂದಿರೋ ನಿಮಗೇ ನೆನಪಿಲ್ಲ.

"ತಗೀಬ್ಯಾಡ," ಅವ್ವ ಕೂತಲ್ಲಿಂದಲೇ ಹೇಳುತ್ತಾಳೆ. ದನಿ ಏರಿಸುವುದಿಲ್ಲ. "ಅರಮನೆ ಕಣ್ಣು ಬೀದೀಲೈತೆ."

"ಅಜ್ಜೀ, ಯಾರೋ ನೀರು ಕೇಳ್ತಾವ್ರೆ."

"ಸುಮ್ಕಿರು ಮಗ."

"ಹರವೀಲಿ ಐತಲ್ಲ ಅಜ್ಜೀ, ತುಂಬಾ ಐತೆ."

ಅವ್ವ ಮಗುವಿನ ಬಾಯಿಗೆ ಸೆರಗು ಒತ್ತುತ್ತಾಳೆ. ನೋವಾಗದ ಹಾಗೆ, ಮೆತ್ತಗೆ.

ಬಾಗಿಲು ತಟ್ಟುವುದು ನಿಮ್ಮ ಅಂಗೈಗೇ ತಟ್ಟಿದ ಹಾಗಿದೆ. ಹಲಗೆಯ ಆಚೆ ಅವಳ ಕೈ, ಈಚೆ ನಿಮ್ಮದು, ನಡುವೆ ಎರಡು ಬೆರಳಿನ ದಪ್ಪದ ಮರ. ಕೆಳಗಿನ ಸಂದಿಯಲ್ಲಿ ಎರಡು ಪಾದ ಕಾಣುತ್ತವೆ. ರಾಜನ ಮನೆಯ ಪಾದ, ಬರಿಗಾಲು, ಹಿಮ್ಮಡಿಯ ಹತ್ತಿರ ಕೆಂಪು ಒಣಗಿದೆ. ಊರಬಾಗಿಲ ಬಳಿ ಎಷ್ಟು ಹೊತ್ತು ನಿಂತು ಬಂದಳೋ. ನೀವು ಉಸಿರು ಹಿಡಿದಿದ್ದೀರಿ. ಅವಳಿಗೆ ಗೊತ್ತು. ಬಾಗಿಲ ಹಿಂದೆ ಜನ ಉಸಿರು ಹಿಡಿದು ನಿಂತಿದ್ದರೆ ಹೊರಗಿನವರಿಗೆ ತಿಳಿಯುತ್ತದೆ, ನೀವೂ ಎಂದಾದರೂ ಹಾಗೆ ಹೊರಗೆ ನಿಂತಿದ್ದರೆ ಬಲ್ಲಿರಿ.

ಅವಳು ಎರಡನೇ ಸಲ ತಟ್ಟುವುದಿಲ್ಲ. ಪಾದಗಳು ಹೋಗುತ್ತವೆ. ಈಚೆ ಮನೆಯ ಅಗಳಿ ಬೀಳುತ್ತದೆ.

ಇಲ್ಲೊಂದು ನಿಮಿಷ ಕಥೆ ನಿಲ್ಲಿಸುತ್ತೇನೆ, ಬರೆಯುವವನ ಚಟ. ಹೆದರಿಸುವ ಕಥೆಗಳನ್ನು ನಾನು ಆಸೆಯಿಂದ ಹುಡುಕಿ ನೋಡುವವನು. ಈಚಿನ ವರ್ಷಗಳಲ್ಲಿ ಅಮೆರಿಕದ ಕಪ್ಪು ಜನ ತಮ್ಮ ಕುಟುಂಬಗಳ ಭಯವನ್ನು ದೆವ್ವದ ಕಥೆಯಾಗಿ ಹೇಳುವುದೇ ಒಂದು ದೊಡ್ಡ ಪ್ರವಾಹವಾಗಿದೆ. 2017ರಲ್ಲಿ ಜೋರ್ಡನ್ ಪೀಲ್ ಅವರ 'ಗೆಟ್ ಔಟ್' ಬಂದು ಚಿತ್ರಕಥೆಗೆ ಆಸ್ಕರ್ ಪಡೆಯಿತು. 2021ರಲ್ಲಿ 'ದೆಮ್' ಎಂಬ ಧಾರಾವಾಹಿ ಬಂತು. 1953ರಲ್ಲಿ ಉತ್ತರ ಕೆರೊಲಿನಾದಿಂದ ಕ್ಯಾಲಿಫೋರ್ನಿಯಾದ ಕಾಂಪ್ಟನ್ನಿಗೆ ಬಂದು, ಬಿಳಿಯರಷ್ಟೇ ಇರುವ ಬೀದಿಯಲ್ಲಿ ಮನೆ ಕೊಂಡ ಎಮರಿ ಎಂಬ ಕಪ್ಪು ಕುಟುಂಬದ ಕಥೆ ಅದು. ಮನೆಯೊಳಗೆ ದೆವ್ವಗಳಿವೆ. ಆದರೆ ನನಗೆ ರಾತ್ರಿ ನಿದ್ದೆ ಕೆಡಿಸಿದ್ದು ಅವಲ್ಲ. ಬೀದಿಯ ಹೆಂಗಸರು ನೀಟಾಗಿ ತಲೆ ಬಾಚಿಕೊಂಡು, ಕುರ್ಚಿ ತಂದು ಆ ಮನೆಯ ಎದುರಿಗೆ ಸಾಲಾಗಿ ಹಾಕಿಕೊಂಡು, ರೇಡಿಯೊ ಜೋರು ಮಾಡಿ ಸುಮ್ಮನೆ ಕೂರುತ್ತಾರಲ್ಲ, ಅದು. ಮುಂದೆ ಆ ಧಾರಾವಾಹಿ ದಾರಿ ತಪ್ಪಿತು ಎಂಬುದು ನನ್ನ ತೀರ್ಪು. ಆ ಕುಟುಂಬದ ಮೇಲೆ ನಡೆಯುವ ಹಿಂಸೆಯನ್ನು ಇಂಚಿಂಚಾಗಿ, ಬಿಡದೆ ತೋರಿಸಿತು. ನೋಡಿದ ಕಪ್ಪು ಜನರಲ್ಲೇ ಬಹಳ ಮಂದಿ ನಮ್ಮ ನೋವನ್ನು ಹೀಗೆ ಆಟಕ್ಕಿಡಬೇಡಿ ಎಂದು ಸಿಟ್ಟಾದರು. ಹಳೇಬೀಡಿನ ಹೆಸರಿಲ್ಲದ ಕಥೆಗಾರ ಇದನ್ನು ಬಲ್ಲವನು. ಶೂಲದ ವಿಷಯವನ್ನು ಅವನು ಅರ್ಧ ವಾಕ್ಯದಲ್ಲಿ ಮುಗಿಸುತ್ತಾನೆ. ಉಳಿದ ಕಥೆಯನ್ನೆಲ್ಲ ನೀರಿಗೆ ಕೊಡುತ್ತಾನೆ.

ಟೋನಿ ಮಾರಿಸನ್ ಅವರ 'ಬಿಲವೆಡ್' ಕೂಡ ಹಾಗೆಯೇ. 1856ರಲ್ಲಿ ಕೆಂಟಕಿಯ ಗುಲಾಮಗಿರಿಯಿಂದ ಹೆಪ್ಪುಗಟ್ಟಿದ ಒಹಾಯೊ ನದಿ ದಾಟಿ ಓಡಿಬಂದ ಮಾರ್ಗರೆಟ್ ಗಾರ್ನರ್ ಎಂಬಾಕೆ, ಹಿಡಿಯುವವರು ಬಾಗಿಲಿಗೆ ಬಂದಾಗ, ಮತ್ತೆ ಗುಲಾಮಳಾಗಬಾರದೆಂದು ತನ್ನ ಎಳೆ ಮಗಳನ್ನು ಕೈಯಾರೆ ಕೊಂದಳು. ಆ ನಿಜ ಘಟನೆಯಿಂದ ಹುಟ್ಟಿದ, 1987ರ ಕಾದಂಬರಿ. ಸತ್ತ ಮಗು ಆ ಮನೆಯನ್ನು ಬಿಡುವುದಿಲ್ಲ. ಓದುವವರು ದೆವ್ವವನ್ನು ನೆನಪಿಡುತ್ತಾರೆ. ನನಗೆ ಮರೆಯದಿರುವುದು ಬೇರೆ: ಹಿಡಿಯುವವರು ಕುದುರೆ ಏರಿ ಬರುವುದು ಊರಿನವರ ಕಣ್ಣಿಗೆ ಬಿದ್ದಿರುತ್ತದೆ, ಆದರೆ ಯಾರೂ ಓಡಿಹೋಗಿ ಆ ಮನೆಗೆ ಸುದ್ದಿ ಮುಟ್ಟಿಸುವುದಿಲ್ಲ. ಹಿಂದಿನ ದಿನ ಆ ಮನೆಯವರು ಎಲ್ಲರನ್ನೂ ಕರೆದು ಭರ್ಜರಿ ಊಟ ಹಾಕಿದ್ದರು. ಅಷ್ಟು ಚೆನ್ನಾಗಿ ಬದುಕುತ್ತಿದ್ದಾರಲ್ಲ ಎಂಬ ಹೊಟ್ಟೆಯುರಿಗೆ ನೆರೆಯವರು ಸುಮ್ಮನಿದ್ದುಬಿಟ್ಟರು. ಅವರೂ ಕಪ್ಪು ಜನರೇ.

ಬನ್ನಿ, ಬೀದಿಗೆ.

ಅವಳು ವರ್ತಕರ ಬೀದಿ ಮುಗಿಸಿದ್ದಾಳೆ. ಗುಡಿಗಳ ಬೀದಿ ಮುಗಿದಿದೆ. ಬಸದಿಗಳ ಕಡೆಯದೂ ಆಯಿತು. ಹೊಟ್ಟೆ ತುಂಬಿದವರ ಊರು ಅಲ್ಲಿಗೆ ಮುಗಿದು ಮಣ್ಣಿನ ಗುಡ್ಡೆ ಶುರುವಾಗುತ್ತದೆ. ಮಣ್ಣು ಒಂದು ಕಡೆ, ಕುದುರೆ ಲದ್ದಿ ಒಂದು ಕಡೆ, ಬೂದಿ ಒಂದು ಕಡೆ. ಸುಟ್ಟು ಒಡೆದ ಗಡಿಗೆಯ ಬೋಕಿಗಳು ಕಾಲಿಗೆ ಚುಚ್ಚುತ್ತವೆ. ಆವಿಗೆ ಇನ್ನೂ ಆರಿಲ್ಲ. ಅದರ ಬಿಸಿ ಬಿಸಿಲಿನ ಬಿಸಿಯ ಜೊತೆ ಸೇರಿ ಗಾಳಿಯೇ ನಡುಗುತ್ತಿದೆ. ಇದು ಕುಂಬಾರರ ಬೀದಿ. ನೀವು ಈ ಕಡೆ ಬರುವುದು ವರ್ಷಕ್ಕೆ ಒಂದು ಸಲ, ಮದುವೆಗೋ ತಿಥಿಗೋ ಹೊಸ ಮಡಕೆ ಬೇಕಾದಾಗ. ಇವತ್ತು ಮಾತ್ರ, ಯಾಕೋ, ಹಿತ್ತಿಲ ಬಾಗಿಲಿಂದ ಹೊರಬಿದ್ದು ಅವಳ ಹಿಂದೆ ಹಿಂದೆ ಬಂದಿದ್ದೀರಿ. ನೀರು ತಂದಿಲ್ಲ. ಏನಾಗುತ್ತದೆಂದು ನೋಡಲು ಬಂದಿದ್ದೀರಿ.

ಇಲ್ಲಿ ತಟ್ಟಲು ಬಾಗಿಲೇ ಸರಿಯಾಗಿಲ್ಲ, ತಡಿಕೆ. ಕುಂಬಾರತಿ ಹೊರಗೇ ಕೂತು ಹಸಿ ಗಡಿಗೆಯ ತಳ ತಟ್ಟುತ್ತಿದ್ದಾಳೆ. ತಲೆಯೆತ್ತಿ ನೋಡುತ್ತಾಳೆ. ಬಂದವಳು ಯಾರೆಂದು ಅವಳಿಗೆ ಗೊತ್ತಿಲ್ಲದೆ ಇಲ್ಲ. ಅರಮನೆಯ ಆಳು ಮೂಲೆಯಲ್ಲಿ ನಿಂತಿರುವುದು ನಿಮಗೆ ಕಂಡ ಹಾಗೆ ಅವಳಿಗೂ ಕಂಡಿದೆ.

"ಬಾರವ್ವ," ಅನ್ನುತ್ತಾಳೆ. "ಬಿಸ್ಲಾಗೆ ಯಾಕೆ ನಿಂತೆ? ಕೂತ್ಕೋ."

ಕೆಸರುಗೈಯನ್ನು ಸೀರೆಗೆ ಒರೆಸಿಕೊಂಡು ಒಳಗೆ ಹೋಗುತ್ತಾಳೆ. ಹೊಸ ಕುಡಿಕೆಯಲ್ಲಿ ನೀರು ಬರುತ್ತದೆ. ಹೊಸ ಮಣ್ಣಿನ ಪಾತ್ರೆಗೆ ನೀರು ಬಿದ್ದರೆ ಸಣ್ಣಗೆ ಸೊಂಯ್ ಎಂದು ಹೀರುವ ಸದ್ದಾಗುತ್ತದೆ, ಮೊದಲ ಮಳೆಯ ವಾಸನೆ ಏಳುತ್ತದೆ. ನೀವು ನಿಂತ ಕಡೆಗೂ ಆ ವಾಸನೆ ಬರುತ್ತದೆ. ಅವಳು ಕುಡಿಯುತ್ತಾಳೆ. ಕುಂಬಾರತಿ ಇನ್ನೊಂದು ಸಲ ತುಂಬಿಕೊಡುತ್ತಾಳೆ. ಆಮೇಲೆ ಒಂದಿಷ್ಟು ಅನ್ನವೋ ಅಂಬಲಿಯೋ. ಸಮಾಧಾನದ ಮಾತೇನೂ ಆಡುವುದಿಲ್ಲ, ಪಕ್ಕದಲ್ಲಿ ಕೂತು ಮತ್ತೆ ಗಡಿಗೆ ತಟ್ಟುತ್ತಾಳೆ. ತಟ್. ತಟ್. ತಟ್. ನಿಮ್ಮ ಬಾಗಿಲಲ್ಲಿ ಕೇಳಿದ್ದು ಇಂಥದೇ ಸದ್ದು.

ಉಂಡ ಮೇಲೆ ಅವಳು ಎದ್ದು ನಿಲ್ಲುತ್ತಾಳೆ. ಮುಖ ಅರಮನೆಯ ಕಡೆಗೆ. ಮಣ್ಣು ತೂರುತ್ತಾಳೆಂದು, ಕೂದಲು ಬಿಚ್ಚುತ್ತಾಳೆಂದು ನೀವು ಕಾಯುತ್ತೀರಿ. ಬಯಲಾಟದಲ್ಲಿ ಹಾಗೆ ಮಾಡುತ್ತಾರೆ. ಅವಳು ಏನೂ ಮಾಡುವುದಿಲ್ಲ. ಬಾಗಿಲು ಬಾಗಿಲಲ್ಲಿ ನೀರು ಕೇಳಿದ ದನಿಯಲ್ಲೇ ಹೇಳುತ್ತಾಳೆ: ರಾಯನ ವಂಶ ಅಳಿಯಲಿ. ಈ ಊರು ಹಾಳು ಬೀಳಲಿ. ಕುಂಬಾರರ ಬೀದಿಯೊಂದನ್ನು ಬಿಟ್ಟು.

ಇನ್ನೂ ಒಂದು ಬೀದಿಯ ಹೆಸರು ಬರುತ್ತದೇನೋ ಎಂದು ನೀವು ಕಿವಿಗೊಟ್ಟು ನಿಂತಿದ್ದೀರಿ. ಬರುವುದಿಲ್ಲ.

ನಿಮ್ಮ ಮಗಳು ಹರವಿಯ ಪಕ್ಕ ಮಲಗಿದ್ದಾಳೆ, ವರ್ತಕರ ಬೀದಿಯಲ್ಲಿ.

ಶಾಪ ಎಂದು ಫಲಿಸಿತು ಎನ್ನುವುದಕ್ಕೆ ತಾರೀಖು ಇದೆ. 1311ರಲ್ಲಿ ಅಲ್ಲಾವುದ್ದೀನ್ ಖಿಲ್ಜಿಯ ದಂಡನಾಯಕ ಮಲಿಕ್ ಕಾಫೂರ್ ದೋರಸಮುದ್ರದ ಕೋಟೆಯ ಮುಂದೆ ಬಂದಿಳಿದ. ಮೂರನೇ ಬಲ್ಲಾಳ ಆಗ ಊರಲ್ಲಿರಲಿಲ್ಲ, ಪಾಂಡ್ಯರ ಮನೆಜಗಳದಲ್ಲಿ ಲಾಭ ಹುಡುಕಿಕೊಂಡು ತಮಿಳು ಸೀಮೆಗೆ ಹೋಗಿದ್ದ. ಓಡೋಡಿ ಬಂದು, ಬಗ್ಗಿ, ಆನೆ ಕುದುರೆ ಬೊಕ್ಕಸ ಒಪ್ಪಿಸಿದ. ಮಗನನ್ನು ದಿಲ್ಲಿಗೆ ಕಳಿಸಬೇಕಾಯಿತು. ಆ ಮಗ 1313ರಲ್ಲಿ ಮರಳಿದ. 1327ರಲ್ಲಿ ಮಹಮ್ಮದ್ ಬಿನ್ ತುಘಲಕ್‌ನ ಸೈನ್ಯ ಮತ್ತೆ ಬಂತು. ಆಮೇಲೆ ಊರು ಏಳಲಿಲ್ಲ. ಬಲ್ಲಾಳ ತಿರುವಣ್ಣಾಮಲೈ ಕಡೆ ಬೀಡು ಬಿಟ್ಟು ಮಧುರೆಯ ಸುಲ್ತಾನರ ಮೇಲೆ ಕಾದಾಡುತ್ತ ಮುಪ್ಪಾದ. 1342ರ ಹೊತ್ತಿಗೆ, ಎಂಬತ್ತರ ಆಸುಪಾಸಿನಲ್ಲಿ, ಕಣ್ಣನೂರಿನ ಯುದ್ಧದಲ್ಲಿ ಸಿಕ್ಕಿಬಿದ್ದ. ಅವನನ್ನು ಕೊಂದು, ಚರ್ಮ ಸುಲಿದು, ಹುಲ್ಲು ತುಂಬಿ ಮಧುರೆಯ ಗೋಡೆಗೆ ನೇತುಹಾಕಿದರು. ಇಬ್ನ್ ಬತೂತ ಅದನ್ನು ತನ್ನ ಪ್ರವಾಸ ಕಥನದಲ್ಲಿ ಬರೆದಿದ್ದಾನೆ. ಬಲ್ಲಾಳನ ಮಗನ ಕಾಲಕ್ಕೆ ವಂಶ ಮುಗಿಯಿತು.

ಅಳಿಯಂದಿರನ್ನು ಊರಬಾಗಿಲಲ್ಲಿ ನಿಲ್ಲಿಸಿದ ಮನೆತನದ ರಾಜ ಪರಸೀಮೆಯ ಗೋಡೆಯಲ್ಲಿ ತೂಗಿದ. ಕಥೆಗಾರನಿಗೆ ಇದಕ್ಕಿಂತ ಏನು ಬೇಕು. ಚರಿತ್ರೆ ಓದಿದವರು ಇದನ್ನೊಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ: ದಿಲ್ಲಿಯ ಕುದುರೆಗಳು, ದಕ್ಷಿಣದ ರಾಜರ ಕಚ್ಚಾಟ, ಬೊಕ್ಕಸದ ಆಸೆ, ಕಾರಣಗಳು ಸಾಕಷ್ಟಿವೆ. ನನಗೆ ಕುತೂಹಲ ಬೇರೆಯದು. ಹಾಳೂರಿನಲ್ಲಿ ಉಳಿದ ಜನ, ದಂಡು ಬಂದು ಕೆಡವಿತು ಎಂದು ಹೇಳಿ ಸುಮ್ಮನಾಗಬಹುದಿತ್ತು. ಅದು ನಿಜವೂ ಆಗಿತ್ತು, ಸುಲಭವೂ ಆಗಿತ್ತು. ಅವರು ಹಾಗೆ ಹೇಳದೆ, ನಾವು ಒಬ್ಬಳಿಗೆ ನೀರು ಕೊಡಲಿಲ್ಲ ಎಂದು ಮಕ್ಕಳಿಗೆ ಹೇಳಿಕೊಟ್ಟರು.

ಇದನ್ನು ಬರೆಯುವಾಗ ನನ್ನ ತಲೆಯಲ್ಲಿ ಇನ್ನೊಂದು ಬಾಗಿಲಿದೆ. 2000ನೇ ಇಸವಿಯ ಮಾರ್ಚ್ 11, ಆಗಿನ ಕೋಲಾರ ಜಿಲ್ಲೆಯ ಚಿಂತಾಮಣಿ ತಾಲ್ಲೂಕು, ಕಂಬಾಲಪಲ್ಲಿ. ಆ ರಾತ್ರಿ ದಲಿತರ ಮನೆಯೊಂದರ ಬಾಗಿಲನ್ನು ಹೊರಗಿನಿಂದ ಭದ್ರ ಮಾಡಿ ಬೆಂಕಿ ಇಟ್ಟರು. 7 ಮಂದಿ ಸತ್ತರು. 2006ರಲ್ಲಿ ಕೆಳಗಿನ ನ್ಯಾಯಾಲಯ ಆರೋಪಿಗಳನ್ನೆಲ್ಲ ಬಿಟ್ಟಿತು, ಸಾಕ್ಷಿಗಳು ತಿರುಗಿಬಿದ್ದಿದ್ದರು. 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಹಳೇಬೀಡು ಇರುವ ಇದೇ ಹಾಸನ ಜಿಲ್ಲೆಯಲ್ಲಿ, ಹೊಳೆನರಸೀಪುರ ತಾಲ್ಲೂಕಿನ ಸಿಗರನಹಳ್ಳಿಯಲ್ಲಿ, 2015ರಲ್ಲಿ ದಲಿತ ಹೆಂಗಸರು ಬಸವೇಶ್ವರನ ಗುಡಿಯೊಳಗೆ ಕಾಲಿಟ್ಟರೆಂದು ದಂಡ ಹಾಕಿದರು. ಕನ್ನಡದಲ್ಲಿ ಇಂಥ ಮನೆಗಳ ಕಥೆಯನ್ನು ದೆವ್ವಗಳನ್ನೂ ಸೇರಿಸಿಕೊಂಡು ಹೇಳಿದವರು ದೇವನೂರ ಮಹಾದೇವ. 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಅವರ 'ಕುಸುಮಬಾಲೆ'ಯಲ್ಲಿ ಮನೆಮನೆಯ ದೀಪದ ಜೋತಮ್ಮಗಳು ರಾತ್ರಿ ಒಂದೆಡೆ ಕೂಡಿ ತಂತಮ್ಮ ಮನೆಯ ಸಂಗತಿ ಮಾತಾಡಿಕೊಳ್ಳುತ್ತವೆ. ಮೇಲ್ಜಾತಿಯ ಹೆಣ್ಣನ್ನು ಪ್ರೀತಿಸಿದ ಹೊಲೆಯರ ಹುಡುಗನನ್ನು ಕೊಂದ ಸುದ್ದಿಗೆ ಮನುಷ್ಯರು ಬಾಯಿ ಬಿಡದಿದ್ದಾಗ ಇನ್ನೇನು ಮಾಡಬೇಕು, ದೀಪಗಳೇ ಮಾತಾಡಬೇಕು.

ಕಣ್ಣು ಬಿಡಿ. ಏರಿಯ ಮೇಲೆ ಪೂರಾ ಕತ್ತಲು. ಕೆರೆಯ ನೀರಿನಲ್ಲಿ ಊರಿನ ಬೀದಿದೀಪಗಳು ಉದ್ದುದ್ದ ಬಿದ್ದಿವೆ. ಎದ್ದು ಬಸ್ ನಿಲ್ದಾಣದ ಕಡೆ ನಡೆಯಿರಿ. ಎಡಕ್ಕೆ ಗೇಟು ಹಾಕಿದ ಗುಡಿ, ಶಿಖರವಿಲ್ಲದ ಅದರ ಕಪ್ಪು ಬೆನ್ನು. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಸೋಮನಾಥಪುರಗಳ ಜೊತೆ ಇದನ್ನೂ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದೆ. ಆಮೇಲೆ ಬರುವವರೂ ಹೆಚ್ಚಾಗಿದ್ದಾರೆ. ಬಂದವರು ಹೊಯ್ಸಳೇಶ್ವರ ನೋಡುತ್ತಾರೆ. ಪುರುಸೊತ್ತಿದ್ದರೆ ಬಸ್ತಿಹಳ್ಳಿಯ ಬಸದಿಗಳನ್ನೂ ಕೇದಾರೇಶ್ವರನನ್ನೂ ನೋಡಿ, ಬೇಲೂರಿನ ಬಸ್ಸು ಹಿಡಿಯುತ್ತಾರೆ.

ಮುಂದಿನ ಸಲ ನೀವು ಹೋದಾಗ ಕುಂಬಾರರ ಬೀದಿ ಎಲ್ಲೆಂದು ಕೇಳಿ. ಗೈಡನ್ನು ಕೇಳಬೇಡಿ, ಅಂಗಡಿಯಲ್ಲೂ ಬೇಡ. ಮುಚ್ಚಿರುವ ಯಾವುದಾದರೂ ಮನೆಯ ಬಾಗಿಲು ತಟ್ಟಿ ಕೇಳಿ. ಜೊತೆಗೆ ಒಂದು ಲೋಟ ನೀರನ್ನೂ ಕೇಳಿ.